ಮಜ್ಜೆಯ ಕಸಿ: ಸಾಮ್ಯವೂ ಭೇದವೂ

ಎಲುಬಿನೊಳಗಣ ಮಜ್ಜೆಯೇ ರಕ್ತದ ತವರು. ಅಲ್ಲಿರುವ ಆಕರಕೋಶಗಳಿಂದಲೇ ಕೆಂಪು ಕಣಗಳೂ ಬಿಳಿಯ ಕಣಗಳೂ ದಿನದಿನವೂ ಹುಟ್ಟಿಬರುವುವು. ಲ್ಯುಕೇಮಿಯ ಎಂಬ ರಕ್ತದ ಅರ್ಬುದರೋಗದಲ್ಲಿ ಈ ತವರೇ ಕೆಡುವುದು. ಕೆಟ್ಟ ಮಜ್ಜೆಯನ್ನು ಕಿರಣಗಳಿಂದಲೂ ಔಷಧಗಳಿಂದಲೂ ನಾಶಗೊಳಿಸಿ, ಆರೋಗ್ಯವಂತನೊಬ್ಬನ ಮಜ್ಜೆಯನ್ನು ರೋಗಿಯ ರಕ್ತನಾಳದೊಳಕ್ಕೆ ಹರಿಸಿದರೆ ರೋಗವು ನೀಗಬಹುದೆಂಬ ಆಲೋಚನೆಯು ಸರಳವಾದುದೇ ಸರಿ. ಆದರೆ ಅದು ಕೈಗೂಡಬೇಕಾದರೆ, ದಾನಿಗೂ ರೋಗಿಗೂ ವಂಶದಿಂದ ಬಂದ ಗುಣಗಳು ಎಷ್ಟರಮಟ್ಟಿಗೆ ಹೊಂದಿರಬೇಕೆಂಬುದನ್ನು ಮೊದಲು ಅರಿಯಬೇಕಾಗಿದ್ದಿತು. ಈ ಅರಿವು ಬಂದ ಬಗೆಯೇ ಈ ಚಿಕಿತ್ಸೆಯ ಇತಿಹಾಸ.

1957ರಲ್ಲಿ ಅಮೆರಿಕದ ಕೂಪರ್ಸ್‌ಟೌನಿನ ಡಾಕ್ಟರ್ ಡಾನಲ್ ಥಾಮಸ್ ಅವರೂ ಅವರ ಸಂಗಡಿಗರೂ ಆರು ಮಂದಿ ರೋಗಿಗಳಿಗೆ ಅನ್ಯರ ಮಜ್ಜೆಯನ್ನು ಕೊಟ್ಟ ವೃತ್ತಾಂತವನ್ನು ಪ್ರಕಟಿಸಿದರು. ಆ ಆರು ಮಂದಿಯಲ್ಲಿ ಒಬ್ಬರಾದರೂ 100 ದಿನಗಳ ಮೇಲೆ ಬದುಕಲಿಲ್ಲ. 1959ರಲ್ಲಿ ಅವರು ಏಕಾಂಡಜ ಅವಳಿಗಳ ಮೇಲೆ ದೃಷ್ಟಿಯಿಟ್ಟರು. ಒಂದೇ ಅಂಡದಿಂದ ಹುಟ್ಟಿದ ಅವಳಿಗಳ ದೇಹಗುಣಗಳು ಒಂದೇ ಆಗಿರುವುದರಿಂದ, ಒಬ್ಬರ ಮಜ್ಜೆಯು ಮತ್ತೊಬ್ಬರಲ್ಲಿ ನಿರಾತಂಕವಾಗಿ ನೆಲೆಗೊಂಡಿತು. ಆದರೇನು? ಕೆಲವೇ ತಿಂಗಳುಗಳೊಳಗೆ ರೋಗವು ಮರಳಿ ತಲೆದೋರಿತು. ಸಾಮ್ಯವು ಕಸಿಯನ್ನು ಉಳಿಸಿತೇ ಹೊರತು ರೋಗಿಯನ್ನು ಉಳಿಸಲಿಲ್ಲ. ಈ ಸಂಗತಿಯ ಒಳಗುಟ್ಟು ಅಂದು ಸ್ಪಷ್ಟವಾಗಲಿಲ್ಲ.

ಅವಳಿಗಳಿಲ್ಲದವರ ಗತಿಯೇನು? ಇದಕ್ಕೆ ದಾರಿಯು ಪ್ಯಾರಿಸ್ ನಗರದಲ್ಲಿ ತೆರೆಯಿತು. 1958ರಲ್ಲಿ ಝಾಂ ದೊಸೆ ಎಂಬ ವಿದ್ವಾಂಸರು ಬಿಳಿಯ ಕಣಗಳ ಮೇಲೆ ವಂಶಾನುಗತವಾದ ಗುರುತೊಂದನ್ನು ಕಂಡುಹಿಡಿದರು. ಅದೇ ಕಾಲದಲ್ಲಿ ಹಾಲೆಂಡಿನ ಲೈಡನ್ನಿನಲ್ಲಿ ಯಾನ್ ಫಾನ್ ರೋಡ್ ಅವರೂ ಅಮೆರಿಕದಲ್ಲಿ ರೋಸ್ ಪೇನ್ ಅವರೂ ಗರ್ಭಧರಿಸಿದ ಸ್ತ್ರೀಯರ ರಕ್ತದಲ್ಲಿ ಇಂತಹ ಗುರುತುಗಳಿಗೆ ಪ್ರತಿಯಾಗಿ ಹುಟ್ಟಿದ ದ್ರವ್ಯಗಳನ್ನು ಕಂಡರು. ಈ ಗುರುತುಗಳಿಗೆ ಎಚ್.ಎಲ್.ಎ. ಎಂಬ ಹೆಸರು ಬಂದಿತು. ಇವುಗಳನ್ನು ನಿಯಮಿಸುವ ಜೀನುಗಳು ಆರನೆಯ ವರ್ಣತಂತುವಿನಲ್ಲಿ ಒತ್ತಾಗಿ ಸೇರಿಕೊಂಡಿದ್ದು, ತಂದೆಯಿಂದ ಒಂದು ಗುಂಪೂ ತಾಯಿಯಿಂದ ಒಂದು ಗುಂಪೂ ಮಗುವಿಗೆ ಬರುವುವು. ಆದುದರಿಂದ ಒಡಹುಟ್ಟಿದವರಲ್ಲಿ ಪ್ರತಿಯೊಬ್ಬರೂ ರೋಗಿಗೆ ಪೂರ್ಣವಾಗಿ ಹೊಂದುವ ಸಂಭವವು ನಾಲ್ಕರಲ್ಲಿ ಒಂದು.

ಈ ಅರಿವಿನ ಬಲದಿಂದ ಥಾಮಸ್ ಅವರ ತಂಡವು ಸಿಯಾಟಲ್ ನಗರದಲ್ಲಿ ಕೆಲಸವನ್ನು ಮುಂದುವರಿಸಿತು. ಉಳಿದ ಚಿಕಿತ್ಸೆಗಳೆಲ್ಲ ಸೋತಿದ್ದ 100 ಮಂದಿಗೆ ಹೊಂದುವ ಒಡಹುಟ್ಟಿದವರ ಮಜ್ಜೆಯನ್ನು ಕೊಟ್ಟ ವರದಿಯು 1977ರಲ್ಲಿ ಹೊರಬಂದಿತು. ಅವರಲ್ಲಿ 13 ಮಂದಿ ರೋಗದ ಸುಳಿವಿಲ್ಲದೆ ಬದುಕಿದ್ದರು. ಸಂಖ್ಯೆಯು ಚಿಕ್ಕದಾದರೂ, ಮೃತ್ಯುವೊಂದೇ ನಿಶ್ಚಿತವಾಗಿದ್ದವರಲ್ಲಿ ಅದು ಸಾಮಾನ್ಯವಾದುದಲ್ಲ.

ಇಷ್ಟರಲ್ಲಿ ಮತ್ತೊಂದು ವಿಚಿತ್ರವು ಗೋಚರವಾಯಿತು. ಎಚ್.ಎಲ್.ಎ. ಹೊಂದಿದ್ದರೂ ಉಳಿದ ಸೂಕ್ಷ್ಮಭೇದಗಳಿಂದ ದಾನಿಯ ಕಣಗಳು ರೋಗಿಯ ಚರ್ಮ, ಕರುಳು, ಯಕೃತ್ತುಗಳ ಮೇಲೆ ಬೀಳುವುದುಂಟು. ಅನೇಕರನ್ನು ಕೊಂದ ಪೀಡೆಯಿದು. ಆದರೆ ಈ ಪೀಡೆಗೆ ಸಿಕ್ಕಿ ಬದುಕಿದವರಲ್ಲಿ ಲ್ಯುಕೇಮಿಯವು ಮರಳುವುದು ಕಡಮೆಯೆಂದು 1979ರಲ್ಲಿ ಸಿಯಾಟಲ್ಲಿನವರೇ ತೋರಿಸಿದರು. 1990ರಲ್ಲಿ 2,254 ರೋಗಿಗಳ ವೃತ್ತಾಂತವನ್ನು ಒಟ್ಟುಗೂಡಿಸಿ ನೋಡಿದಾಗ, ಅವಳಿಯಿಂದ ಮಜ್ಜೆ ಪಡೆದವರಲ್ಲಿಯೇ ರೋಗವು ಹೆಚ್ಚಾಗಿ ಮರಳಿದುದು ದೃಢಪಟ್ಟಿತು. 1959ರ ಒಗಟು ಬಿಡಿಸಿದಂತಾಯಿತು: ತನ್ನದೇ ಎಂದು ತಿಳಿದ ಕಣಗಳು ರೋಗದ ಕಣವನ್ನೂ ತನ್ನದೆಂದೇ ಬಿಟ್ಟಿದ್ದುವು. ಅದೇ ವರ್ಷ ಮ್ಯೂನಿಕ್ಕಿನ ವೈದ್ಯರು, ಕಸಿಯ ಬಳಿಕ ರೋಗ ಮರುಕಳಿಸಿದವರಿಗೆ ದಾನಿಯ ಬಿಳಿಯ ಕಣಗಳನ್ನು ಮತ್ತೆ ಕೊಟ್ಟು ರೋಗವನ್ನು ಅಡಗಿಸಿದರು. ಥಾಮಸ್ ಅವರಿಗೆ ನೊಬೆಲ್ ಪಾರಿತೋಷಕವು ದೊರೆತುದೂ ಅದೇ ವರ್ಷ. ದೊಸೆ ಅವರಿಗೆ ಅದು 1980ರಲ್ಲಿಯೇ ಸಂದಿದ್ದಿತು.

ಮುಂದೆ ಅರ್ಧಮಾತ್ರ ಹೊಂದುವ ತಂದೆ, ತಾಯಿ, ಮಕ್ಕಳೂ ದಾನಿಗಳಾಗುವಂತೆ, ಕಸಿಯ ಬಳಿಕ ಸೈಕ್ಲೋಫಾಸ್ಫಮೈಡ್ ಕೊಡುವ ಕ್ರಮವನ್ನು ಬಾಲ್ಟಿಮೋರಿನ ವೈದ್ಯರು ರೂಢಿಗೆ ತಂದರು. ಹೊಂದುವ ಒಡಹುಟ್ಟಿದವರಿಲ್ಲದ ಅನೇಕ ಮನೆಗಳಿಗೆ ಇದರಿಂದ ಆಸರೆಯಾಯಿತು. ಸಾಮ್ಯವೇ ಸರ್ವಸ್ವವೆಂದು ಹೊರಟ ಶಾಸ್ತ್ರವು, ಭೇದವು ಕೊಲ್ಲಲೂ ಬಲ್ಲುದು, ಕಾಯಲೂ ಬಲ್ಲುದು ಎಂಬಲ್ಲಿಗೆ ಬಂದು ನಿಂತಿದೆ. ಆ ಭೇದವನ್ನು ಹದದಲ್ಲಿರಿಸುವುದೇ ವೈದ್ಯನ ಮುಂದಿರುವ ಕಾರ್ಯ.