ಹಿಟ್ಟಿನ ಹುಂಜವೂ ಟರ್ಕಿ ಕೋಳಿಯೂ

ಹಾಸನದಿಂದ ಹೊಳೆನರಸೀಪುರದ ಕಡೆಗೆ ಹೋಗುವ ಹಾದಿಯ ಮೊಸಳೆಯೆಂಬ ಊರಿನಲ್ಲಿ ನಾಗೇಶ್ವರನ ಗುಡಿಯೂ ಚೆನ್ನಕೇಶವನ ಗುಡಿಯೂ ಅವಳಿಗಳಂತೆ ಮಗ್ಗುಲುಮಗ್ಗುಲಾಗಿ ನಿಂತಿರುವುದನ್ನು ಕಂಡವರಿಗೆ, ಭಿನ್ನ ಶ್ರದ್ಧೆಗಳನ್ನು ಸಮಾನ ಗೌರವದಿಂದ ಇರಿಸಬಲ್ಲವರಾಗಿದ್ದ ಆ ಹೊಯ್ಸಳ ಕಾಲದವರು ಮನೆಯಂಗಳದ ಮೂಕಪ್ರಾಣಿಯ ವಿಷಯದಲ್ಲಿ ಏನನ್ನು ಚಿಂತಿಸಿದರೆಂಬ ಪ್ರಶ್ನೆ ಹುಟ್ಟುವುದು ಸಹಜ. ವೀರಬಲ್ಲಾಳನ ಆಸ್ಥಾನಕವಿ ಜನ್ನನು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯೇ ಅದಕ್ಕೆ ಉತ್ತರವಾಗಿದೆ. ಜೀವವಧೆಗೆ ಒಪ್ಪದಿದ್ದರೂ ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಹುಂಜವನ್ನು ಚಂಡಮಾರಿಗೆ ಬಲಿಯಿತ್ತ ಯಶೋಧರನು, ಆ ಸಂಕಲ್ಪಹಿಂಸೆಯೊಂದರ ಫಲವಾಗಿ ತಾಯಿಯೊಡನೆ ಹಲವು ಪ್ರಾಣಿಜನ್ಮಗಳಲ್ಲಿ ತೊಳಲಿ, ಕಡೆಗೆ ತಾನೇ ಕೋಳಿಯಾಗಿ ಹುಟ್ಟಿ, ಸ್ವಂತ ಮಗನ ಬಾಣಕ್ಕೆ ಸಿಕ್ಕು ಸಾಯುತ್ತಾನೆ. ಚನ್ನರಾಯಪಟ್ಟಣದ ಸೀಮೆಯಲ್ಲಿ ಶ್ರವಣಬೆಳಗೊಳವನ್ನು ಇರಿಸಿಕೊಂಡಿರುವ ಈ ನಾಡಿನಲ್ಲಿ ಕೋಳಿಯನ್ನು ಕುರಿತ ಧರ್ಮಜಿಜ್ಞಾಸೆಯು ಇಷ್ಟು ಸೂಕ್ಷ್ಮವಾದ ಎಡೆಯಿಂದ ಆರಂಭವಾಯಿತೆಂಬುದನ್ನು ನಾವು ಮರೆಯಲಾಗದು.

ಜನ್ನನು ಕಾಣದಿದ್ದ ಕೋಳಿಯೊಂದು ಕಡಲಾಚೆಯಿಂದ ಬಂದದ್ದು ತರುವಾಯ. ಮೆಕ್ಸಿಕೋದ ಜನರು ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಪಳಗಿಸಿದ್ದ, ಅದರ ಉತ್ತರದ ಪ್ಯೂಬ್ಲೊ ಜನರು ಮಾಂಸಕ್ಕಿಂತ ಮೊದಲು ಗರಿಗಳಿಗಾಗಿ ಸಾಕಿ ಹೊದಿಕೆಗಳನ್ನು ಮಾಡಿಕೊಳ್ಳುತ್ತಿದ್ದ ಟರ್ಕಿ ಕೋಳಿಯು, ಸ್ಪೇನಿನವರ ಕೈಯಿಂದ ಯೂರೋಪನ್ನು ಸೇರಿ, ಪೋರ್ಚುಗೀಸರ ಗೋವೆಯನ್ನು ಮುಟ್ಟಿತು. ಅಲ್ಲಿಂದ 1612ರಲ್ಲಿ ಮೊಗಲ್ ಅಧಿಕಾರಿ ಮುಕರ್ರಬ್ ಖಾನನು ತಂದೊಪ್ಪಿಸಿದ ಹಕ್ಕಿಯ ತಲೆ ಕೊರಳುಗಳು ಕ್ಷಣಕ್ಷಣಕ್ಕೂ ಬಣ್ಣ ಬದಲಿಸುವುದನ್ನು ಕಂಡು ಬೆರಗಾದ ಜಹಾಂಗೀರನು ಅದನ್ನು ತನ್ನ ಆತ್ಮಕಥೆಯಲ್ಲಿ ವರ್ಣಿಸಿದನು. ಅವನ ಆಸ್ಥಾನದ ಉಸ್ತಾದ್ ಮನ್ಸೂರನು ಬಿಡಿಸಿದ ಟರ್ಕಿ ಕೋಳಿಯ ಚಿತ್ರವು ಇಂದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಇದರ ತವರು ಯಾವುದೆಂಬ ಗೊಂದಲವು ಹೆಸರುಗಳಲ್ಲಿಯೇ ಉಳಿದಿದೆ: ಆಂಗ್ಲರಿಗೆ ಇದು ತುರ್ಕಿಯದು, ತುರ್ಕರಿಗೆ ಹಿಂದೂದೇಶದ್ದು, ಡಚ್ಚರಿಗೆ ನಮ್ಮ ನೆರೆಯ ಕಲ್ಲಿಕೋಟೆಯದು.

ಸ್ವಾತಂತ್ರ್ಯಾನಂತರ ಶಾಸನವು ಮಾತನಾಡತೊಡಗಿತು. ನಮ್ಮ ರಾಜ್ಯದ 1959ರ ಪ್ರಾಣಿಬಲಿ ನಿಷೇಧ ಕಾಯಿದೆಯು ದೇವಾಲಯದ ಆವರಣದಲ್ಲಿ ಪಶುಪಕ್ಷಿಗಳ ಬಲಿಯನ್ನು ತಡೆದುದು ಜನ್ನನ ದಾರಿಯ ಮುಂದುವರಿಕೆಯೆನ್ನಬಹುದು. ರುಕ್ಮಿಣೀದೇವಿ ಅರುಂಡೇಲರ ಪ್ರಯತ್ನದಿಂದ ಮೂಡಿದ ಕೇಂದ್ರದ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯು ಮತ್ತೊಂದು ಹೆಜ್ಜೆ ಮುಂದಿಟ್ಟು, ಸಾಕಷ್ಟು ಚಲನೆಗೆ ಎಡೆಯಿಲ್ಲದ ಪಂಜರದಲ್ಲಿ ಪ್ರಾಣಿಯನ್ನಿಡುವುದನ್ನೂ ಅಪರಾಧವೆಂದು ಬಗೆಯಿತು. ವಧೆಯ ಕ್ಷಣದಿಂದ ಬದುಕಿನ ದಿನಗಳ ಕಡೆಗೆ ದೃಷ್ಟಿ ಹೊರಳಿದುದು ಇಲ್ಲಿ. ಇಂಗ್ಲೆಂಡಿನಲ್ಲಿ 1964ರಲ್ಲಿ ರೂತ್ ಹ್ಯಾರಿಸನ್ ಬರೆದ ಪುಸ್ತಕವೂ ಮರುವರ್ಷದ ಬ್ರಾಂಬೆಲ್ ಸಮಿತಿಯ ವರದಿಯೂ ಇದೇ ಪ್ರಶ್ನೆಯನ್ನು ಯಂತ್ರಯುಗದ ದೊಡ್ಡಿಗಳಿಗೆ ಹಾಕಿದುವು; ಅಲ್ಲಿ ಬೆಳೆದ, ಪ್ರಾಣಿಗಳ ಹಿತಕ್ಕೆ ಬೇಕಾದ ಐದು ಸ್ವಾತಂತ್ರ್ಯಗಳ ತತ್ತ್ವವನ್ನು ನಮ್ಮ ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ಅಂಗೀಕರಿಸಿತು. 2017ರ ಕಾನೂನು ಆಯೋಗದ 269ನೆಯ ವರದಿಯು ಮೊಟ್ಟೆ ಕೋಳಿಗೂ ಬ್ರಾಯ್ಲರಿಗೂ ಕರಡು ನಿಯಮಗಳನ್ನಿತ್ತಿತು. ಟರ್ಕಿ ಕೋಳಿಗೆಂದೇ ಪ್ರತ್ಯೇಕ ಕರಡು ಅದರಲ್ಲಿಲ್ಲ.

ಈ ಕೊರತೆಯೇ ನನ್ನನ್ನು ಬಾಧಿಸುವುದು. ಎದೆಯ ಮಾಂಸಕ್ಕಾಗಿ ತಲೆತಲಾಂತರ ಆಯ್ದು ಬೆಳೆಸಿದ ಬಿಳಿಯ ತಳಿಯ ಹುಂಜಕ್ಕೆ ತನ್ನ ದೇಹಭಾರದಿಂದ ಹೇಂಟೆಯನ್ನು ಸಹಜವಾಗಿ ಕೂಡುವ ಶಕ್ತಿಯೂ ಉಳಿದಿಲ್ಲವಾಗಿ, ಕೃತಕ ಗರ್ಭಧಾರಣೆಯಿಂದಲೇ ಅದರ ಸಂತತಿ ಮುಂದುವರಿಯಬೇಕಾಗಿದೆ. ಗುಂಪಿನಲ್ಲಿ ಒಂದನ್ನೊಂದು ಕುಕ್ಕದಿರಲೆಂದು ಮರಿಗಳ ಕೊಕ್ಕನ್ನು ಕತ್ತರಿಸುವುದುಂಟು. ಯಶೋಧರನಲ್ಲಿ ಸಂಕಲ್ಪವಿತ್ತು, ನೋಯುವ ಜೀವವಿರಲಿಲ್ಲ. ಇಲ್ಲಿ ನೋಯುವ ಜೀವಗಳು ಕೋಟಿಸಂಖ್ಯೆಯಲ್ಲಿವೆ, ನೋಯಿಸುವ ಸಂಕಲ್ಪವು ಮಾತ್ರ ಯಾರೊಬ್ಬರಲ್ಲಿಯೂ ಕಾಣಸಿಗದು. ತಿನ್ನುವವನೂ ಮಾರುವವನೂ ಸಾಕುವವನೂ ತಳಿ ತೆಗೆಯುವವನೂ ಒಬ್ಬರ ಮರೆಯಲ್ಲಿ ಒಬ್ಬರು ನಿಂತಿದ್ದಾರೆ. ಜನ್ನನ ಕಾವ್ಯವನ್ನು ಓದಿದ ಕನ್ನಡಿಗನು ಈ ಮರೆಯನ್ನು ಒಪ್ಪಲಾರನೆಂದು ನಾನು ನಂಬಿದ್ದೇನೆ.

ಬೇರೆಯ ದಾರಿಯೂ ನಮಗೆ ಅಪರಿಚಿತವಲ್ಲ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ಕೋಳಿಯನ್ನು ಹಿತ್ತಿಲಲ್ಲಿ ಕೆದಕಿ ಮೇಯುತ್ತ ಬದುಕಲೆಂದೇ ಬೆಳೆಸಿದರು. ಟರ್ಕಿ ಕೋಳಿಯೂ ಹುಲ್ಲು ಸೊಪ್ಪುಗಳನ್ನು ಮೇಯುತ್ತ ಬಯಲಿನಲ್ಲಿ ತಿರುಗಾಡಲೊಲ್ಲದ ಹಕ್ಕಿಯೇನಲ್ಲ. ಆದರೆ ಇಪ್ಪತ್ತೆಂಟು ದಿನಗಳ ಕಾವಿನಿಂದ ಹೊರಬಂದ ಅದರ ಮರಿಗೆ ಮೊದಲ ದಿನಗಳಲ್ಲಿ ಕಾಳು ನೀರುಗಳನ್ನು ಗುರುತಿಸಲು ಬಾರದು. ಎದುರಿಗೆ ಆಹಾರವಿದ್ದೂ ಹಸಿದು ಸಾಯುವ ಮರಿಗಳುಂಟು. ಆದಕಾರಣ ಬಲ್ಲವರು ಬೇಯಿಸಿದ ಮೊಟ್ಟೆಯನ್ನು ಪುಡಿಮಾಡಿ ಬಾಯಿಗಿಡುತ್ತಾರೆ, ಕುಕ್ಕುವುದನ್ನು ನೋಡಿ ಕಲಿಯಲೆಂದು ಕೋಳಿಮರಿಯೊಂದನ್ನು ಅವುಗಳ ನಡುವೆ ಬಿಡುತ್ತಾರೆ, ಮತ್ತು ಅವೆಲ್ಲವೂ ತಾವಾಗಿಯೇ ತಿನ್ನತೊಡಗುವವರೆಗೆ ಪಕ್ಕದಲ್ಲಿ ಕುಳಿತು ಕಾಯುತ್ತಾರೆ.