ಮೂರು ಅಪಘಾತಗಳ ಲಾನ್ಸಾ
ಒಂದೆಡೆ ಆಂಡೀಸ್ ಪರ್ವತ, ಇನ್ನೊಂದೆಡೆ ಅಮೆಜಾನ್ ಕಾಡು. ಇಂಥ ಪೆರು ದೇಶದ ಒಳನಾಡಿಗೆ ವಿಮಾನವೇ ಹತ್ತಿರದ ದಾರಿ. ಆ ದಾರಿ ನೆಚ್ಚಿ 1963ರಲ್ಲಿ ಹುಟ್ಟಿದ್ದು ‘ಲಾನ್ಸಾ’ ವಿಮಾನಯಾನ ಸಂಸ್ಥೆ.

1966ರಲ್ಲಿ ಅದರ ವಿಮಾನವೊಂದು ಬೆಟ್ಟಕ್ಕೆ ಅಪ್ಪಳಿಸಿ 49 ಮಂದಿ ಸತ್ತರು. 1970ರಲ್ಲಿ ಕುಸ್ಕೊ ಬಳಿ ಇನ್ನೊಂದು ಉರುಳಿ 101 ಜನ ಬಲಿಯಾದರು. ನಿರ್ವಹಣೆ ಸರಿಯಿಲ್ಲವೆಂದು ತನಿಖೆ ಹೇಳಿತು. ಶಿಕ್ಷೆ? ದಂಡ, 90 ದಿನಗಳ ಅಮಾನತು. ಬಳಿಕ ಹಾರಾಟ ಮತ್ತೆ ಶುರು.

1971ರ ಡಿಸೆಂಬರ್ 24ರಂದು ಲೀಮಾದಿಂದ ಹೊರಟ ವಿಮಾನ ಬಿರುಮಳೆಯ ಮೋಡ ಹೊಕ್ಕು, ಸಿಡಿಲು ಬಡಿದು ಆಕಾಶದಲ್ಲೇ ಚೂರಾಯಿತು. 92 ಮಂದಿಯಲ್ಲಿ ಉಳಿದವಳು 17 ವರ್ಷದ ಯೂಲಿಯಾನೆ ಕ್ಯೋಪ್ಕೆ ಒಬ್ಬಳೇ. ಆಸನದ ಸಮೇತ ಕಾಡಿಗೆ ಬಿದ್ದ ಆಕೆ ತೊರೆಯ ಜಾಡು ಹಿಡಿದು ನಡೆದು, ಕೊನೆಗೆ ಕಾಡಿನ ಕೆಲಸಗಾರರ ಕಣ್ಣಿಗೆ ಬಿದ್ದಳು.

1972ರ ಜನವರಿಯಲ್ಲಿ ಲಾನ್ಸಾದ ಪರವಾನಗಿ ರದ್ದಾಯಿತು. ಎರಡನೆಯ ಅಪಘಾತಕ್ಕೇ ಬರಬೇಕಿದ್ದ ಆದೇಶ ಮೂರನೆಯದರ ತನಕ ಕಾದಿತ್ತು.