ಕೋಲ್ಮನ್, ಕ್ರಿಸ್

ವೇಲ್ಸಿನ ಫುಟ್‌ಬಾಲ್ ಆಟಗಾರ, ತರಬೇತುದಾರ. ಜನನ 1970ರ ಜೂನ್ 10, ಸ್ವಾನ್ಸಿ. ಹುಟ್ಟೂರಿನ ಸ್ವಾನ್ಸಿ ಸಿಟಿಯಿಂದ ಮೊದಲುಗೊಂಡು ಕ್ರಿಸ್ಟಲ್ ಪ್ಯಾಲೇಸ್, ಬ್ಲ್ಯಾಕ್‌ಬರ್ನ್ ರೋವರ್ಸ್, ಫುಲಂ ಕ್ಲಬ್ಬುಗಳಿಗೆ ಸೆಂಟರ್ ಬ್ಯಾಕ್ ಆಗಿ ಆಡಿದರು. ವೇಲ್ಸ್ ಪರ 32 ಪಂದ್ಯಗಳಲ್ಲಿ 4 ಗೋಲು ಗಳಿಸಿದ ಅವರು, ಮೊದಲ ಗೋಲನ್ನು 1992ರಲ್ಲಿ ಆಸ್ಟ್ರಿಯ ವಿರುದ್ಧ ಆಡಿದ ಚೊಚ್ಚಲ ಪಂದ್ಯದಲ್ಲೇ ಹೊಡೆದರು.

ಫುಲಂ ತಂಡದ ನಾಯಕರಾಗಿದ್ದಾಗ, 2001ರ ಜನವರಿಯಲ್ಲಿ, ಕಾರು ಅಪಘಾತದಲ್ಲಿ ಕಾಲು ಮುರಿಯಿತು. ಅದೇ ಋತುವಿನಲ್ಲಿ ತಂಡ ಪ್ರೀಮಿಯರ್ ಲೀಗಿಗೆ ಬಡ್ತಿ ಪಡೆದರೂ ಅಲ್ಲಿ ಅದರ ಪರ ಆಡುವ ಅವಕಾಶ ಅವರಿಗೆ ಒದಗಲಿಲ್ಲ. 2002ರ ಅಕ್ಟೋಬರಿನಲ್ಲಿ, 32ನೇ ವಯಸ್ಸಿನಲ್ಲಿ, ನಿವೃತ್ತರಾದರು. ಮರುವರ್ಷದ ಏಪ್ರಿಲ್‌ನಲ್ಲಿ ಫುಲಂ ಮ್ಯಾನೇಜರ್ ಜಾನ್ ಟಿಗಾನಾ ಹೊರಬಿದ್ದಾಗ ಹಂಗಾಮಿಯಾಗಿ ಹೊಣೆ ಹೊತ್ತು, ಬಳಿಕ ಕಾಯಂ ಆದರು. ಆಗ ಲೀಗಿನಲ್ಲೇ ಅತಿ ಕಿರಿಯ ಮ್ಯಾನೇಜರ್. 2003–04ರಲ್ಲಿ ತಂಡ 9ನೇ ಸ್ಥಾನ ಗಳಿಸಿತು. 2007ರಲ್ಲಿ ಫುಲಂ ಕೈಬಿಟ್ಟ ಮೇಲೆ ಸ್ಪೇನಿನ ರಿಯಲ್ ಸೊಸಿಯೆದಾದ್, ಇಂಗ್ಲೆಂಡಿನ ಕೊವೆಂಟ್ರಿ ಸಿಟಿ, ಗ್ರೀಸಿನ ಲಾರಿಸಾ ತಂಡಗಳಲ್ಲಿ ಕೆಲಸ ಮಾಡಿದರೂ ಎಲ್ಲೂ ಹೆಚ್ಚು ಕಾಲ ನೆಲೆ ನಿಲ್ಲಲಿಲ್ಲ.

ದಾಖಲೆಗಳ ಗೊಂದಲ ಶುರುವಾಗುವುದು ಇಲ್ಲಿಂದ ಮುಂದೆ. ವೇಲ್ಸ್ ಮ್ಯಾನೇಜರ್ ಗ್ಯಾರಿ ಸ್ಪೀಡ್ 2011ರ ನವೆಂಬರ್ 27ರಂದು ತೀರಿಕೊಂಡರು. 2012ರ ಜನವರಿಯಲ್ಲಿ ಅವರ ಜಾಗಕ್ಕೆ ಬಂದವರು ಹಳೆಯ ಗೆಳೆಯ ಕೋಲ್ಮನ್. ಕೋಲ್ಮನ್ ಮೊದಲ ಐದು ಪಂದ್ಯಗಳನ್ನೂ ಸೋತರೆಂದು ಅನೇಕ ಕಡೆ ಬರೆದಿದೆ. ಆ ಐದರಲ್ಲಿ ಮೊದಲನೆಯದು ಸ್ಪೀಡ್ ಸ್ಮರಣಾರ್ಥ ಕಾರ್ಡಿಫ್‌ನಲ್ಲಿ ನಡೆದ ಕೋಸ್ಟ ರಿಕ ಪಂದ್ಯ. ಅಂದು ತಂಡ ನಡೆಸಿದವರು ಸ್ಪೀಡ್ ಅವರ ಸಹಾಯಕ ಓಸಿಯನ್ ರಾಬರ್ಟ್ಸ್. ಕೋಲ್ಮನ್ ತಾವಾಗಿಯೇ ಹಿಂದೆ ಸರಿದಿದ್ದರು. ಅದನ್ನು ಬಿಟ್ಟು ಲೆಕ್ಕ ಹಾಕಿದರೆ ಸೋಲು ನಾಲ್ಕೇ, ಆದರೆ ನಾಲ್ಕನೆಯದು ಸರ್ಬಿಯದ ಕೈಯಲ್ಲಿ 6–1ರ ಪೆಟ್ಟು. ಅದಾದ ಮೇಲೆ ನಾಯಕತ್ವ ಆರನ್ ರಾಮ್ಸಿ ಅವರಿಂದ ಆ್ಯಶ್ಲಿ ವಿಲಿಯಮ್ಸ್ ಅವರಿಗೆ ಹೋಯಿತು.

2016ರ ಯುರೋಪಿಯನ್ ಚಾಂಪಿಯನ್‌ಶಿಪ್‌ನಲ್ಲಿ (ಯುರೋ) ವೇಲ್ಸ್ ಸೆಮಿಫೈನಲ್ ತಲುಪಿದ ಯಶಸ್ಸು ಸ್ಪೀಡ್ ಅವರದೋ ಕೋಲ್ಮನ್ ಅವರದೋ ಎಂಬ ವಾದ ಇನ್ನೂ ಮುಗಿದಿಲ್ಲ. ಸ್ಪೀಡ್ ತಮ್ಮ ಕೊನೆಯ ಐದು ಪಂದ್ಯಗಳಲ್ಲಿ ನಾಲ್ಕನ್ನು ಗೆದ್ದಿದ್ದರು, ಗ್ಯಾರೆತ್ ಬೇಲ್ ಮತ್ತು ರಾಮ್ಸಿ ಆಗಲೇ ತಂಡದಲ್ಲಿದ್ದರು. ಹಾಗಿದ್ದರೂ ಮೂವರು ಸೆಂಟರ್ ಬ್ಯಾಕ್‌ಗಳನ್ನು ನಿಲ್ಲಿಸಿ ಬೇಲ್‌ಗೆ ಮುಂದೆ ಸ್ವಾತಂತ್ರ್ಯ ಕೊಟ್ಟ ವ್ಯೂಹ ಕೋಲ್ಮನ್ ಅವರದು. ಅರ್ಹತಾ ಸುತ್ತಿನ 10 ಪಂದ್ಯಗಳಲ್ಲಿ ವೇಲ್ಸ್ ಬಿಟ್ಟುಕೊಟ್ಟದ್ದು 4 ಗೋಲು ಮಾತ್ರ. ಅವುಗಳಲ್ಲಿ ಎರಡು 2015ರ ಅಕ್ಟೋಬರ್ 10ರಂದು ಬಾಸ್ನಿಯದಲ್ಲಿ ಸೋತಾಗಿನವು. ಅದೇ ರಾತ್ರಿ ಸೈಪ್ರಸ್ ಇಸ್ರೇಲನ್ನು ಮಣಿಸಿದ್ದರಿಂದ ಸೋತ ವೇಲ್ಸ್ ಯುರೋಗೆ ಅರ್ಹವಾಯಿತು!

ವೇಲ್ಸ್ ‘58 ವರ್ಷಗಳ ಬಳಿಕ’ ದೊಡ್ಡ ಟೂರ್ನಿಗೆ ಬಂತೆಂಬ ಮಾತಿಗೂ ವಿವರಣೆ ಬೇಕು. 1976ರ ಯುರೋಪಿಯನ್ ಚಾಂಪಿಯನ್‌ಶಿಪ್‌ನಲ್ಲಿ ವೇಲ್ಸ್ ಕ್ವಾರ್ಟರ್ ಫೈನಲ್ ಆಡಿತ್ತು. ಆದರೆ ಆಗ ಅಂತಿಮ ಟೂರ್ನಿಗೆ ಸೇರುತ್ತಿದ್ದವು ನಾಲ್ಕೇ ತಂಡಗಳು. ಕ್ವಾರ್ಟರ್ ಫೈನಲ್ ಅದಕ್ಕೂ ಮುಂಚಿನ ಹಂತ. ಹೀಗಾಗಿ 1958ರ ವಿಶ್ವಕಪ್ಪಿನ ನಂತರ 2016ರ ಯುರೋವೇ ಮೊದಲ ದೊಡ್ಡ ಟೂರ್ನಿ ಎಂಬ ಲೆಕ್ಕ ಸರಿ.

ಫ್ರಾನ್ಸಿನಲ್ಲಿ ನಡೆದ ಆ ಯುರೋದಲ್ಲಿ ಇಂಗ್ಲೆಂಡಿಗೆ ಸೋತರೂ ವೇಲ್ಸ್ ಗುಂಪಿನ ಅಗ್ರಸ್ಥಾನ ಪಡೆಯಿತು. ಉತ್ತರ ಐರ್ಲೆಂಡನ್ನು 1–0ರಿಂದಲೂ ಬೆಲ್ಜಿಯಂ ತಂಡವನ್ನು 3–1ರಿಂದಲೂ ಸೋಲಿಸಿ ಮೊದಲ ಬಾರಿಗೆ ಸೆಮಿಫೈನಲ್ ತಲುಪಿತು. ಹಳದಿ ಕಾರ್ಡುಗಳ ಕಾರಣ ರಾಮ್ಸಿ, ಬೆನ್ ಡೇವಿಸ್ ಇಬ್ಬರೂ ಹೊರಗುಳಿದ ಆ ಪಂದ್ಯದಲ್ಲಿ ಪೋರ್ಚುಗಲ್ 2–0ರಿಂದ ಗೆದ್ದಿತು.

2017ರ ಅಕ್ಟೋಬರಿನಲ್ಲಿ ಐರ್ಲೆಂಡಿಗೆ ಸೋತು ವಿಶ್ವಕಪ್ ಅವಕಾಶ ತಪ್ಪಿತು. ಮರುತಿಂಗಳು ಕೋಲ್ಮನ್ ರಾಜೀನಾಮೆ ಕೊಟ್ಟು ಸಂಡರ್ಲೆಂಡ್ ಸೇರಿದರು. 2018ರಲ್ಲಿ ಆ ತಂಡ ಮೂರನೇ ದರ್ಜೆಗೆ ಇಳಿಯಿತು. ಮುಂದೆ ಚೀನಾದ ಹೆಬೈ, ಗ್ರೀಸಿನ ಅಟ್ರೊಮಿಟೋಸ್, ಸೈಪ್ರಸ್‌ನ ಎಇಎಲ್ ಲಿಮಸೋಲ್ ತಂಡಗಳಿಗೆ ತರಬೇತಿ ನೀಡಿದರು. 2025ರ ಜನವರಿಯಲ್ಲಿ ಬೆಲ್ಜಿಯಂನ ಲ್ಯೂವೆನ್ ಕ್ಲಬ್ಬು ಅವರನ್ನು ನೇಮಿಸಿಕೊಂಡಿತು.